ಹದಿನೈದು ದಿನದ ಸೇವೆ, ಇಪ್ಪತ್ನಾಲ್ಕು ಕಂತು

ಅಣ್ಣನ ಮಗಳು 2024ರ ಆಗಸ್ಟ್‌ನಲ್ಲಿ ಕೀನ್ಯಾಕ್ಕೆ ಹೋಗಿ ಬಂದಳು. ಪ್ರವಾಸಕ್ಕಲ್ಲ, ಸೇವೆಗೆ. ನೈರೋಬಿಯಿಂದ ಆಚೆ ಒಂದು ಮಿಷನ್ ಶಾಲೆ, ಅಲ್ಲಿ ಗೋಡೆಗೆ ಬಣ್ಣ, ಮಕ್ಕಳಿಗೆ ಹಾಡು, ಬೈಬಲ್ ಕತೆ. ಹದಿನೈದು ದಿನದ ಈ ಸೇವೆಗೆ ತೆಗೆದ ಸಾಲಕ್ಕೆ ಇಪ್ಪತ್ನಾಲ್ಕು ಕಂತು. ಜಾಮೀನಿನ ಸಹಿ ನನ್ನದು.

ನಮ್ಮ ಮೂಲ ಮನೆ ಮಮದಾಪುರ. ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಕೆರೆಗಳಿಂದ ಹೆಸರಾದ ಊರು. ಅಣ್ಣ ಅಲ್ಲೇ ಹೊಲ ನೋಡಿಕೊಂಡಿದ್ದಾನೆ, ಮಗಳು ವಿಜಯಪುರದ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಕೈಗೆ ಬರುವ ಸಂಬಳ ಇಪ್ಪತ್ತೆರಡು ಸಾವಿರ. ಸಾಲದ ಕಾಗದ ಹಿಡಿದುಕೊಂಡು ಬಂದವಳು ಹೇಳಿದ್ದು ಇಷ್ಟು: "ಕಾಕಾ, ಬರೇ ಒಂಬತ್ತು ಪರ್ಸೆಂಟ್ ಅಂತರೀ. ಬ್ಯಾಂಕಿನ್ಯಾಗ ಹನ್ನೊಂದು ಹೇಳ್ಯಾರ." ಸಾಲದ ಏಜೆಂಟ ಆ ಒಂಬತ್ತರ ಸುತ್ತ ಬಾಲ್‌ಪೆನ್ನಿನಲ್ಲಿ ಎರಡು ಸಲ ಗುಂಡಗೆ ಸುತ್ತಿದ್ದ. ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿದ್ದ 'ಫ್ಲ್ಯಾಟ್' ಎಂಬ ಮಾತನ್ನು ಸುತ್ತಿರಲಿಲ್ಲ. ಅಷ್ಟರಲ್ಲಿ ಸೇವೆಗೆ ಕರೆದೊಯ್ಯುವ ತಂಡಕ್ಕೆ ಐವತ್ತು ಸಾವಿರ ಮುಂಗಡ ಕೈಸಾಲ ಮಾಡಿ ಕಟ್ಟಿಯಾಗಿತ್ತು, ವಾಪಸ್ ಬರುವ ದುಡ್ಡಲ್ಲ. ಬ್ಯಾಂಕಿನವರು ಇನ್ನೂ ಸಂಬಳದ ಚೀಟಿ ಕೇಳುತ್ತಿದ್ದರು, ಈ ಏಜೆಂಟ ಎರಡು ದಿನದಲ್ಲಿ ಖಾತೆಗೆ ಹಾಕುತ್ತೇನೆಂದಿದ್ದ.

ಈ ಫ್ಲ್ಯಾಟ್ ಬಡ್ಡಿ ಎಂಬ ಸರಕಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ಲೆಕ್ಕ ಬಿಡಿಸಿಯೇ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ. ಸಾಲ 2,00,000. ಒಂಬತ್ತರ ಹಾಗೆ ಎರಡು ವರ್ಷಕ್ಕೆ ಬಡ್ಡಿ 36,000. ಒಟ್ಟು 2,36,000ವನ್ನು ಇಪ್ಪತ್ನಾಲ್ಕರಿಂದ ಭಾಗಿಸಿದರೆ ತಿಂಗಳ ಕಂತು 9,833. ಇದರಲ್ಲಿ ಮೋಸ ಎಲ್ಲಿದೆ? ಹುಡುಗಿ ಪ್ರತಿ ತಿಂಗಳು ಅಸಲಿನಲ್ಲಿ 8,333 ವಾಪಸ್ ಕೊಡುತ್ತಿದ್ದಾಳೆ. ಒಂದು ವರ್ಷ ಕಳೆದಾಗ ಅವಳ ಹತ್ತಿರ ಉಳಿದ ಅಸಲು ಒಂದೇ ಲಕ್ಷ. ಆದರೆ ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಎರಡು ಲಕ್ಷದ ಮೇಲೆಯೇ. ತೀರಿಸಿದ ದುಡ್ಡಿಗೂ ಬಡ್ಡಿ ಕೊಡುವುದು ಎಂದರೆ ಇದೇ. ಬ್ಯಾಂಕಿನವರು ಹೇಳುವ ಇಳಿಕೆ ಬಡ್ಡಿಯ ಲೆಕ್ಕಕ್ಕೆ ತಂದರೆ ಈ 'ಬರೇ ಒಂಬತ್ತು' 16.4 ಆಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಪ್ರೊಸೆಸಿಂಗ್ ಫೀ ಎರಡು ಪರ್ಸೆಂಟ್, ಅಂದರೆ 4,000. ಅದರ ಮೇಲೆ ಜಿಎಸ್‌ಟಿ 720. ಇದನ್ನು ಮೊದಲೇ ಮುರಿದುಕೊಂಡು ಖಾತೆಗೆ ಹಾಕಿದ್ದು 1,95,280. ಕಂತು ಮಾತ್ರ ಪೂರ್ತಿ ಎರಡು ಲಕ್ಷದ್ದು. ಎಕ್ಸೆಲ್ ಬಲ್ಲವರು ರೇಟ್ ಸೂತ್ರಕ್ಕೆ 24, ಮೈನಸ್ 9,833, 1,95,280 ಹಾಕಿ ನೋಡಿ. ತಿಂಗಳಿಗೆ 1.57 ಬರುತ್ತದೆ. ವರ್ಷಕ್ಕೆ ಹತ್ತೊಂಬತ್ತರ ಹತ್ತಿರ. ಬ್ಯಾಂಕಿನ ಹನ್ನೊಂದಕ್ಕೆ ಕಂತು 9,321 ಬೀಳುತ್ತಿತ್ತು. ಬಡ್ಡಿ ಒಂದರಲ್ಲೇ ಹನ್ನೆರಡು ಸಾವಿರ ಉಳಿತಾಯ. ಹನ್ನೊಂದು ದುಬಾರಿ, ಒಂಬತ್ತು ಅಗ್ಗ ಎಂದು ನರ್ಸಿಂಗ್ ಓದಿದ ಹುಡುಗಿಯನ್ನು ನಂಬಿಸುವ ವ್ಯಾಪಾರವನ್ನು ಏನೆಂದು ಕರೆಯಬೇಕು? 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ರಿಟೇಲ್ ಸಾಲಗಳಿಗೆ ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವನ್ನು ಒಂದೇ ಹಾಳೆಯಲ್ಲಿ ಬರೆದುಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂದು ಅದರ ಹೆಸರು. ನಮ್ಮ ಸಾಲ ಅದಕ್ಕಿಂತ ಮೊದಲಿನದು. ನೀವು ಆ ಹಾಳೆ ಕೇಳಿ. ಕೊಡಲು ಮೀನಮೇಷ ಎಣಿಸಿದರೆ ಎದ್ದು ಬನ್ನಿ.

ಇನ್ನು ದುಡ್ಡು ಎಲ್ಲಿಗೆ ಹೋಯಿತು ನೋಡೋಣ. ತಂಡದವರು ಒಬ್ಬ ಟ್ರಾವೆಲ್ ಏಜೆಂಟನ ಮೂಲಕ ತಲೆಗೆ 1,70,000ದ ಪ್ಯಾಕೇಜ್ ಮಾಡಿಸಿದ್ದರು. ಹಟ ಹಿಡಿದು ಕೇಳಿದ ಮೇಲೆ ವಿವರ ಕೊಟ್ಟರು: ವಿಮಾನ 62,000, ಊಟ ವಸತಿ 46,000, ಅಲ್ಲಿಯ ಗಾಡಿ ಮತ್ತು ಒಂದು ದಿನ ನಕುರು ಸರೋವರದ ರಾಷ್ಟ್ರೀಯ ಉದ್ಯಾನ 28,000, ತಂಡದ ಆಡಳಿತ ವೆಚ್ಚ 24,000, ಶಾಲೆಗೆ ಕಾಣಿಕೆ 10,000. ಇದರ ಮೇಲೆ ಜಿಎಸ್‌ಟಿ 8,500, ಏಜೆಂಟ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ ಟಿಸಿಎಸ್ ಒಂಬತ್ತು ಸಾವಿರದ ಸಮೀಪ. ಪ್ರವೇಶ ಅನುಮತಿಗೆ ಮೂವತ್ತು ಡಾಲರ್, ವಿಮೆ, ಕೈಖರ್ಚಿನ ಡಾಲರ್, ಹಳದಿ ಜ್ವರದ ಲಸಿಕೆಗೆ ಬೆಂಗಳೂರಿಗೆ ಓಡಾಟ. ಈ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು. ಪ್ರಮಾಣಪತ್ರಕ್ಕೆ ಬೆಲೆ ಬರುವುದು ಹತ್ತು ದಿನದ ನಂತರ. ಪ್ರಮಾಣಪತ್ರದ ಆ ಹಳದಿ ಪುಸ್ತಕ ಇಲ್ಲದೆ ಆಫ್ರಿಕಾದ ಆ ಭಾಗದಿಂದ ಬಂದಿಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಕ್ವಾರಂಟೈನ್. ಎಲ್ಲ ಸೇರಿ ಎರಡು ಲಕ್ಷ ಇಪ್ಪತ್ತು ಸಾವಿರ.

ಕೈಗೆ ಬಂದದ್ದು 1,95,280, ಕಟ್ಟುವುದು 2,36,000. ನಡುವಿನ 40,720ರಲ್ಲಿ ಜಿಎಸ್‌ಟಿಯ 720 ಬಿಟ್ಟರೆ ಉಳಿದದ್ದೆಲ್ಲ ಸಾಲ ಕೊಟ್ಟವನ ಪಾಲು. ಶಾಲೆಯ ಪಾಲು ಹತ್ತು ಸಾವಿರ. ಸೇವೆ ಯಾರಿಗೆ ಆಯಿತು ಎಂದು ಅಣ್ಣ ಕೇಳಿದಾಗ ಅತ್ತಿಗೆ ಅವನನ್ನು ಸುಮ್ಮನಿರಿಸಿದರು. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು.

ಟಿಕೆಟ್ ತೆಗೆದ ಮೇಲೆ ಜೂನ್ 25ರಂದು ನೈರೋಬಿಯಲ್ಲಿ ಜನ ಸಂಸತ್ ಭವನಕ್ಕೇ ನುಗ್ಗಿದರು. ಹೊಸ ತೆರಿಗೆಗಳ ಹಣಕಾಸು ಮಸೂದೆಯ ವಿರುದ್ಧದ ಸಿಟ್ಟು ಅದು. ಮರುದಿನವೇ ಅಧ್ಯಕ್ಷ ರೂಟೊ ಸಹಿ ಹಾಕುವುದಿಲ್ಲ ಎಂದು ಹಿಂದೆ ಸರಿದರು. ಇಲ್ಲಿ ಅತ್ತಿಗೆಗೆ ನಿದ್ದೆ ಇಲ್ಲ. ರದ್ದು ಮಾಡೋಣವೆಂದು ವಿಮೆಯ ಕಾಗದ ತೆಗೆದು ನೋಡಿದೆ. ವಿಮಾನ ರದ್ದಾದರೆ ಪರಿಹಾರ ಉಂಟು, ಕಾಯಿಲೆ ಬಿದ್ದರೆ ಉಂಟು, ಹೆದರಿಕೆಯಾಗಿ ಹೋಗದಿದ್ದರೆ ಇಲ್ಲ.

ಹೋಗಿ ಅವಳು ಮಾಡಿದ್ದೇನು? ಬಣ್ಣ ಬಳಿದಳು. ಕೆಳಗಿನ ಅರ್ಧ ಗೋಡೆ ನೀಲಿ, ಮೇಲೆ ಕೆನೆಬಣ್ಣ. ಕೀನ್ಯಾದ ಶಾಲೆಗಳಿಗೆ ಆಗಸ್ಟ್‌ನಲ್ಲಿ ರಜೆ, ಆದ್ದರಿಂದ ತರಗತಿ ಖಾಲಿ. ಬೆಳಗ್ಗೆ ಬಣ್ಣ, ಮಧ್ಯಾಹ್ನ ಸುತ್ತಲಿನ ಮಕ್ಕಳಿಗೆ ನಮ್ಮ ಬೇಸಿಗೆ ರಜೆಯ ಬೈಬಲ್ ಶಾಲೆ (ವಿಬಿಎಸ್) ಥರದ್ದೇ ಶಿಬಿರ. ನಾಲ್ಕು ವರ್ಷ ನರ್ಸಿಂಗ್ ಓದಿದವಳು ಅಲ್ಲಿ ಒಂದು ಸೂಜಿ ಮುಟ್ಟುವಂತಿಲ್ಲ, ಏಕೆಂದರೆ ಆ ದೇಶದ ನರ್ಸಿಂಗ್ ಕೌನ್ಸಿಲ್‌ನ ಪರವಾನಗಿ ಬೇಕು. ಅದು ನ್ಯಾಯವೇ. ಯಾವುದೋ ದೇಶದವರು ಹದಿನೈದು ದಿನಕ್ಕೆ ಬಂದು ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಮಾಡಿದರೆ ನಾವು ಬಿಡುತ್ತೇವೆಯೇ? ಆದರೆ ಗೋಡೆಗೆ ಬಣ್ಣ ಬಳಿಯುವವರು ಕೀನ್ಯಾದಲ್ಲೇ ಇದ್ದಾರೆ. ಅವರಿಗೆ ವಿಮಾನದ ಟಿಕೆಟ್ ಬೇಡ, ಹಳದಿ ಪುಸ್ತಕ ಬೇಡ.

ಅವಳು ಖುಷಿಯಾಗಿ ಬಂದಳು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಲ್ಲಿಯ ಸಭೆಯವರು ಮನೆಗೆ ಕರೆದು ಉಗಾಲಿ, ಸುಕುಮ ಸೊಪ್ಪು ಬಡಿಸಿದ್ದನ್ನು ಇಂದಿಗೂ ಹೇಳುತ್ತಾಳೆ. ಉಗಾಲಿ ಎಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ರೊಟ್ಟಿಯ ನಾಡಿನ ಹುಡುಗಿಗೆ ಮೊದಲ ದಿನ ಗಂಟಲಲ್ಲಿ ಇಳಿಯಲಿಲ್ಲವಂತೆ. ಈ ಖುಷಿಗೆ ಬೆಲೆ ಕಟ್ಟಬೇಡಿ ಎನ್ನುವವರು ಸಿಗುತ್ತಾರೆ. ಬೆಲೆ ನಾನು ಕಟ್ಟಿದ್ದಲ್ಲ, ಏಜೆಂಟ ಕಟ್ಟಿದ್ದು.

ಸೇವೆಗೆಂದು ಬೇರೆ ದೇಶದಿಂದ ನಮ್ಮಲ್ಲಿಗೂ ಬಂದವರಿದ್ದರು. ನಮ್ಮ ಅಜ್ಜಿಯ ತವರು ಗುಳೇದಗುಡ್ಡ. ಅಲ್ಲಿ ಬಾಸೆಲ್ ಮಿಷನ್ ನೆಲೆ ನಿಂತದ್ದು 1851ರಲ್ಲಿ, ವಿಜಯಪುರಕ್ಕೆ ಬಂದದ್ದು 1885ರಲ್ಲಿ. ಅವರ ಧರ್ಮದ ಕೆಲಸದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಖರ್ಚಿನ ಕಣ್ಣಿನಿಂದ ನೋಡಿ. ಅದೇ ಮಿಷನ್ನಿನ ಕಿಟ್ಟೆಲ್ 1853ರಲ್ಲಿ ಬಂದರು, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಹಡಗಿನ ಚಾರ್ಜು ಎಷ್ಟೇ ಇರಲಿ, ಅಷ್ಟು ವರ್ಷದ ಮೇಲೆ ಹಂಚಿದರೆ ದಿನಕ್ಕೆ ಏನು ಬಿದ್ದೀತು? ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು, ನೇಯ್ಗೆ ಶಾಲೆ ಮಾಡಿದರು. ಸಭೆಗೆ ಸೇರಿ ಜಾತಿ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ಅದರಿಂದ ಸಂಬಳ ಸಿಕ್ಕಿತು. ಎರಡು ವಾರದ ತಂಡಗಳಿಗೆ ಇದರಲ್ಲಿ ಯಾವುದೂ ಆಗದು. ಟಿಕೆಟಿನ ಅರವತ್ತೆರಡು ಸಾವಿರ ಕೆಲಸದ ಎಂಟೋ ಒಂಬತ್ತೋ ದಿನದ ಮೇಲೆಯೇ ಬೀಳುತ್ತದೆ.

ನಮ್ಮ ಚರ್ಚಿನ ಸಭೆಯಿಂದಲೂ ಸ್ವಲ್ಪ ಕೂಡಿತ್ತು, ಲಕೋಟೆಗಳಲ್ಲಿ ಮತ್ತು ಸುಗ್ಗಿ ಹಬ್ಬದ ಹರಾಜಿನಲ್ಲಿ ಒಟ್ಟು ಇಪ್ಪತ್ತೈದು ಸಾವಿರ. ಮಮದಾಪುರದಿಂದ ಅಣ್ಣ ತಂದಿಟ್ಟ ಒಂದು ಬುಟ್ಟಿ ಲಿಂಬೆಹಣ್ಣು ಸಾವಿರದ ನೂರಕ್ಕೆ ಹೋಯಿತು, ಕೂಗಿದವರು ಮತ್ತೆ ವಾಪಸ್ ಕೊಟ್ಟು ಎರಡನೇ ಸಲ ಹರಾಜು ಹಾಕಿಸಿದರು. ಒಳ್ಳೆಯ ಮನಸ್ಸು. ಆದರೆ ತಂಡದ ಇನ್ನೊಬ್ಬ ಹುಡುಗಿ ಗೆಳೆಯರು, ಸಭೆಯವರು ಎಂದು ಯುಪಿಐನಲ್ಲಿ ಎಪ್ಪತ್ನಾಲ್ಕು ಸಾವಿರ ಕೂಡಿಸಿದ್ದಳು. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಐವತ್ತು ಸಾವಿರ ದಾಟಿ ಬಂದ ಹಣ ಅವಳ ಆದಾಯ. ದಾಟಿದ ಇಪ್ಪತ್ನಾಲ್ಕು ಸಾವಿರವಲ್ಲ, ಪೂರ್ತಿ ಎಪ್ಪತ್ನಾಲ್ಕು. ತೆರಿಗೆ ಬೀಳದಿರಬಹುದು, ತೋರಿಸದೆ ಇರುವಂತಿಲ್ಲ. ಲಕೋಟೆ ಕೊಟ್ಟ ಒಬ್ಬ ಹಿರಿಯರು ನನ್ನ ಬಳಿ 80ಜಿ ರಸೀದಿ ಕೇಳಿದರು. ಒಬ್ಬ ವ್ಯಕ್ತಿಯ ಕೈಗೆ ಕೊಟ್ಟದ್ದಕ್ಕೆ ಅದು ಸಿಗುವುದಿಲ್ಲ, ಹೋಗುವವರ ಟಿಕೆಟಿಗೂ ಸಿಗುವುದಿಲ್ಲ.

ಹಾಗಾದರೆ ಹೋಗಲೇಬಾರದೇ? ಹೋಗಲಿ. ಬ್ಯಾಂಕಿನಲ್ಲಿ ತಿಂಗಳಿಗೆ ಎಂಟು ಸಾವಿರದ ಆರ್‌ಡಿ ಕಟ್ಟಲಿ. ಆರೂಮುಕ್ಕಾಲು ಬಡ್ಡಿ ಹಿಡಿದರೆ ಎರಡು ವರ್ಷಕ್ಕೆ ಎರಡು ಲಕ್ಷ ಆರು ಸಾವಿರದ ಹತ್ತಿರ ಕೈಗೆ ಬರುತ್ತದೆ. ಕಂತಿಗಿಂತ ತಿಂಗಳಿಗೆ 1,833 ಕಡಿಮೆ ಕಟ್ಟಿ, ಸಾಲ ಕೊಟ್ಟವ ಖಾತೆಗೆ ಹಾಕಿದ್ದಕ್ಕಿಂತ ಹೆಚ್ಚು ಹಣ. ಎರಡು ವರ್ಷ ಕಾಯುವಷ್ಟರಲ್ಲಿ ಹೋಗುವ ಆಸೆ ಗಟ್ಟಿಯೋ ಟೊಳ್ಳೋ ಎಂಬುದೂ ಗೊತ್ತಾಗುತ್ತದೆ. ಶಾಲೆಗೇ ಸಹಾಯ ಮಾಡಬೇಕೆನ್ನುವವರು ಬ್ಯಾಂಕಿನ ಮೂಲಕ ನೇರ ಕಳಿಸಬಹುದು, ವ್ಯಕ್ತಿಗಳು ವಿದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ದಾನಕ್ಕೆ ಅವಕಾಶವಿದೆ.

ನಮ್ಮ ಊರ ಕಡೆ ಹಜ್‌ಗೆ ಹೊರಟವರು ಮೊದಲು ಸಾಲಸೋಲ ತೀರಿಸುತ್ತಾರೆ, ಓಣಿಯವರ ಹತ್ತಿರ ತಪ್ಪಿದ್ದರೆ ಮಾಫ್ ಮಾಡಿರಿ ಎಂದು ಕೇಳಿಕೊಂಡು ಹೋಗುತ್ತಾರೆ. ಶಕ್ತಿ ಇದ್ದವರಿಗಷ್ಟೇ ಅದು ಕಡ್ಡಾಯ. ಪಂಢರಪುರದ ದಿಂಡಿಗೆ ಹೋಗುವವರು ರೊಟ್ಟಿ ಕಟ್ಟಿಕೊಂಡು ನಡೆದೇ ಹೋಗುತ್ತಾರೆ. ನಮ್ಮ ಸಭೆಯ ಹುಡುಗರಿಗೆ ಮಾತ್ರ ದೇವರ ಕೆಲಸಕ್ಕೂ ಇಎಂಐ. ಫೋನಿಗೆ ಇಎಂಐ, ಬೈಕಿಗೆ ಇಎಂಐ, ಅದೇ ಕೈ ಈಗ ಸುವಾರ್ತೆಗೂ ಚಾಚಿದೆ. ಗೋಪುರ ಕಟ್ಟುವ ಮೊದಲು ಕೂತು ಖರ್ಚು ಎಣಿಸುವವನ ಸಾಮತಿಯನ್ನು ಅಯ್ಯನವರು ವರ್ಷಕ್ಕೊಮ್ಮೆ ಪುಲ್ಪಿಟ್‌ನಿಂದ ಹೇಳುತ್ತಾರೆ, ಕೆಳಗೆ ಕೂತವರು ಆಮೆನ್ ಎನ್ನುತ್ತಾರೆ, ಹೊರಗೆ ಬಂದು ಏಜೆಂಟನ ನಂಬರ್ ಹಂಚಿಕೊಳ್ಳುತ್ತಾರೆ. ಸಭೆಯ ಕಮಿಟಿಯವರಿಗೆ ನನ್ನ ಕೋರಿಕೆ ಒಂದೇ: ಹೋಗುವವರ ಹೆಸರು ಬರೆದುಕೊಳ್ಳುವ ದಿನವೇ ಪಾಸ್‌ಬುಕ್ಕನ್ನೂ ನೋಡಿ. ಮುಂಗಡ ಆಮೇಲೆ.

ಈಗಾಗಲೇ ಹೋಗಿ ಬಂದವರು ಒಂದು ಕೆಲಸ ಮಾಡಿ. ಪ್ಯಾಕೇಜ್ ಮೇಲೆ ಹಿಡಿದ ಟಿಸಿಎಸ್ ನಿಮ್ಮದೇ ಹಣ, ಫಾರ್ಮ್ 26ಎಎಸ್‌ನಲ್ಲಿ ನಿಮ್ಮ ಪ್ಯಾನ್ ಎದುರಿಗೆ ಕಾಣುತ್ತದೆ. ತೆರಿಗೆ ಬೀಳುವಷ್ಟು ಸಂಬಳ ಇಲ್ಲವೆಂದು ರಿಟರ್ನ್ ಹಾಕದೆ ಕೂತರೆ ಅದು ಬರುವುದಿಲ್ಲ. ಜುಲೈ ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾಗಿ ಹಾಕಬಹುದು. ಅದೂ ದಾಟಿದರೆ ಅಪ್‌ಡೇಟೆಡ್ ರಿಟರ್ನ್ ಹಾಕಿ ರಿಫಂಡ್ ಕೇಳಲು ಕಾನೂನಿನಲ್ಲಿ ದಾರಿ ಇಲ್ಲ.