ಮರಮುಟ್ಟಿಗೆ ಅಗ್ನಿನಿರೋಧಕ ಲವಣ: ಬಿಲ್ ಪಾವತಿಗೆ ಮುನ್ನ ತಿಳಿಯಬೇಕಾದದ್ದು

ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಕೊಬ್ಬರಿ ಅಟ್ಟವೂ ಅಡುಗೆಯ ಒಲೆಯೂ ಒಂದೇ ಸೂರಿನಡಿ ಇರುವುದುಂಟು. ಕೆಳಗಿನ ಕಿಡಿ ಮೇಲಿನ ತೊಲೆಗೆ ತಗುಲಿದರೆ ವರ್ಷದ ಫಸಲೇ ಬೂದಿಯಾಗುತ್ತದೆ.

ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮರದಿಂದ ದಹ್ಯ ಅನಿಲ ಹೊರಡುತ್ತದೆ, ಜ್ವಾಲೆಯಾಗುವುದು ಅದೇ. ಅಮೋನಿಯಂ ಫಾಸ್ಫೇಟ್ ಹೀರಿದ ಮರ ಕಾದಾಗ ಆ ಅನಿಲ ತಗ್ಗಿ ಇದ್ದಿಲು ಹೆಚ್ಚುತ್ತದೆ. ಇದ್ದಿಲಿನ ಪದರವೇ ಒಳಮರಕ್ಕೆ ಕವಚ. ಬಿಳಿಗಾರ, ಅಂದರೆ ಬೋರಾಕ್ಸ್, ಜ್ವಾಲೆ ಹರಡುವುದನ್ನೂ ಬೋರಿಕ್ ಆಮ್ಲ ಒಳಗೊಳಗೇ ಕೆಂಡವಾಗುವುದನ್ನೂ ತಡೆಯುವುದರಿಂದ ಇವೆರಡನ್ನು ಬೆರೆಸಿ ಬಳಸುತ್ತಾರೆ.

ಕುಂಚದಿಂದ ಬಳಿದ ದ್ರಾವಣ ಮೇಲ್ಪದರದಲ್ಲಿಯೇ ನಿಲ್ಲುತ್ತದೆ. ಮುಚ್ಚಿದ ಸಿಲಿಂಡರಿನಲ್ಲಿ ಗಾಳಿ ಹೊರತೆಗೆದು, ಒತ್ತಡದಿಂದ ದ್ರಾವಣವನ್ನು ಮರದೊಳಕ್ಕೆ ತುಂಬಬೇಕು; ಸಾಗುವಾನಿಯ ಚೇಗು ಆಗಲೂ ಅಷ್ಟಾಗಿ ಹೀರದು. ಈಗಾಗಲೇ ಕಟ್ಟಿದ ಅಟ್ಟದ ತೊಲೆಗೆ ಇದು ಸಾಧ್ಯವಿಲ್ಲ. ಅಲ್ಲಿ ಒಲೆಯನ್ನೇ ಬೇರೆಡೆಗೆ ಸರಿಸುವುದು ಲೇಸು. ಈ ಲವಣಗಳು ನೀರಿನಲ್ಲಿ ಕರಗುವುದರಿಂದ ಮಳೆಗೆ ಒಡ್ಡಿದ ಸೂರಿನ ಅಂಚು, ಹೊರಬಾಗಿಲುಗಳಿಗೆ ಮಾಡಿದ ವೆಚ್ಚ ವ್ಯರ್ಥ.

ಅಂಗನವಾಡಿ ಅಥವಾ ಸಮುದಾಯ ಭವನದ ಅಂದಾಜುಪಟ್ಟಿಯಲ್ಲಿ ಅಗ್ನಿನಿರೋಧಕ ಪ್ಲೈವುಡ್ ಎಂದಿದ್ದಲ್ಲಿ, ಹಾಳೆಯ ಮೇಲಿನ ಐ.ಎಸ್. 5509 ಗುರುತನ್ನು ಸದಸ್ಯರು ಬಣ್ಣ ಬಳಿಯುವ ಮೊದಲೇ ಖುದ್ದಾಗಿ ಪರಿಶೀಲಿಸತಕ್ಕದ್ದು. ಬಣ್ಣ ಬಿದ್ದ ಮೇಲೆ ಎಲ್ಲ ಹಲಗೆಗಳೂ ಒಂದೇ ರೀತಿ ಕಾಣುತ್ತವೆ.

ಉಪಚರಿಸಿದ ಮರವೂ ಬೆಂಕಿ ಬಹಳ ಹೊತ್ತು ನಿಂತರೆ ಉರಿಯುತ್ತದೆ. ದೊರೆಯುವುದು ಮನೆಯವರು ಹೊರಬಂದು, 112ಕ್ಕೆ ಕರೆ ಮಾಡಿ, ಕೊಟ್ಟಿಗೆಯ ದನಗಳ ಹಗ್ಗ ಬಿಚ್ಚಲು ಬೇಕಾದ ಕಾಲಾವಕಾಶ.