ನಾಲ್ಕು ಜನರ ಮುಂದೆ ಎದ್ದು ನಿಂತು ಮಾತನಾಡುವಾಗ



ಉರಿಯುವ ಪೊದೆಯ ಮುಂದೆ ನಿಂತ ಮೋಶೆಯನ್ನು ನೆನಪಿಸಿಕೊಳ್ಳಿ. ಫರೋಹನ ಬಳಿಗೆ ಹೋಗೆಂದು ದೇವರು ಹೇಳಿದಾಗ ಅವನು ಒಂದರ ಮೇಲೊಂದು ನೆಪ ಹೂಡುತ್ತಾನೆ. ಅವುಗಳಲ್ಲಿ ಒಂದು ನಮಗೆಲ್ಲ ತೀರ ಪರಿಚಿತವಾದದ್ದು: ತನಗೆ ಮಾತು ಬರುವುದಿಲ್ಲ, ತನ್ನ ನಾಲಿಗೆ ಮಂದ. ವಿಮೋಚನಾಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ಇದಿದೆ. ದೇವರು ಅವನ ನಾಲಿಗೆಯನ್ನು ಆ ಕ್ಷಣವೇ ಚುರುಕುಗೊಳಿಸಲಿಲ್ಲ, ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು. ಆದರೆ ಕಳುಹಿಸುವುದನ್ನು ಮಾತ್ರ ಬಿಡಲಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದೇ ನೆಪ ದಿನನಿತ್ಯ ಕೇಳುತ್ತದೆ. "ನಮಗ ಮಾತಾಡಾಕ ಬರೂದಿಲ್ಲ ಫಾದರ್, ನೀವ ಹೇಳಿಬಿಡ್ರಿ." ಫಾದರ್ ಹೇಳಬಹುದು. ಆದರೆ ಫಾದರ್ ಹೋಗಲಾಗದ ಜಾಗಗಳು ಎಷ್ಟಿವೆ! ಗ್ರಾಮಸಭೆ, ಶಾಲೆಯ ಮೇಲುಸ್ತುವಾರಿ ಸಮಿತಿ, ಸ್ತ್ರೀಶಕ್ತಿ ಸಂಘ, ಸೊಸೈಟಿಯ ವಾರ್ಷಿಕ ಸಭೆ. ಅಲ್ಲಿ ಮಾತನಾಡಿದವರ ಓಣಿಗೆ ರಸ್ತೆ ಬರುತ್ತದೆ, ಸುಮ್ಮನಿದ್ದವರ ಓಣಿಯಲ್ಲಿ ಕೆಸರು ಉಳಿಯುತ್ತದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಅಲ್ಲಿ ಎದ್ದು ನಿಂತು ಕೇಳುವ ಹಕ್ಕು ಪ್ರತಿಯೊಬ್ಬ ಮತದಾರನಿಗೂ ಇದೆ. ಹಕ್ಕಿದ್ದೂ ಗಂಟಲು ಕಟ್ಟಿದರೆ ಏನು ಮಾಡುವುದು? ಈ ವಾರ ಅದನ್ನು ಸ್ವಲ್ಪ ನೋಡೋಣ.

ಮಾತಿನ ವಿಷಯದಲ್ಲಿ ನಮ್ಮ ಈ ವಿಜಯಪುರ ಸೀಮೆ ಬಡದಲ್ಲ. ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳದ ನೆಲ ಮಳೆಗೆ ಬಾಯಿಬಿಟ್ಟು ಕಾಯುವ ನೆಲವಾದರೂ ಮಾತಿಗೆ ಇಲ್ಲಿ ಎಂದೂ ಬರಗಾಲ ಬಿದ್ದಿಲ್ಲ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕಟ್ಟಿದ ಅನುಭವ ಮಂಟಪವನ್ನು ನೆನೆಯಿರಿ. ದೋಣಿ ನಡೆಸುವ ಚೌಡಯ್ಯ, ಅಕ್ಕಿ ಆಯುವ ಲಕ್ಕಮ್ಮ ಅಲ್ಲಿ ಪಂಡಿತರ ಸಮಕ್ಕೆ ಮಾತನಾಡಿದರೆಂದು ಶರಣ ಪರಂಪರೆ ಹೇಳುತ್ತದೆ. ಅವರು ಸಂಸ್ಕೃತ ಕಲಿತು ಬರಲಿ, ಆಮೇಲೆ ಕೇಳೋಣ ಎಂದು ಯಾರೂ ಹೇಳಲಿಲ್ಲ. ನುಡಿ ಹೇಗಿರಬೇಕೆಂಬ ಬಸವಣ್ಣನವರ ವಚನ ಶಾಲೆಯ ಮಕ್ಕಳಿಗೂ ಬಾಯಿಪಾಠ. ಆದರೆ ಆ ವಚನದ ಕೊನೆಯ ಭಾಗವನ್ನು, ಅಂದರೆ ನಡೆ ನುಡಿಯೊಳಗಾಗದಿದ್ದರೆ ಎಲ್ಲವೂ ವ್ಯರ್ಥವೆಂಬ ಮಾತನ್ನು, ನಾವು ಬೇಗ ಮರೆಯುತ್ತೇವೆ.

ಚಡಚಣಕ್ಕೆ ಇನ್ನೂ ಹತ್ತಿರ ಬರೋಣ. ಚಡಚಣದಲ್ಲಿ 1905ರಲ್ಲಿ ಹುಟ್ಟಿದ ಸಿಂಪಿ ಲಿಂಗಣ್ಣನವರು, ಪಕ್ಕದ ಹಲಸಂಗಿಯ ಮಧುರಚೆನ್ನರು ಮತ್ತು ಅವರ ಗೆಳೆಯರು ಸೇರಿ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪ್ರಕಟವಾಯಿತು. ಓದು ಬರಹ ಬಾರದ ತಾಯಂದಿರ ಬಾಯಿಮಾತು ಅಚ್ಚಾಗಿ, ಕನ್ನಡದ ದೊಡ್ಡ ದೊಡ್ಡ ವಿದ್ವಾಂಸರು ಕೂತು ಓದುವ ಗ್ರಂಥವಾಯಿತು. ಈ ಮಾತನ್ನು ಒಂದು ಕಾರಣಕ್ಕಾಗಿ ಹೇಳುತ್ತಿದ್ದೇನೆ. ನಮ್ಮ ಜನ ಕಟ್ಟೆಯ ಮೇಲೆ ಕೂತಾಗ ಎಷ್ಟು ಸೊಗಸಾಗಿ ಮಾತನಾಡುತ್ತಾರೆ! ಅದೇ ಜನರ ಕೈಗೆ ಮೈಕು ಕೊಟ್ಟರೆ, "ಈ ಶುಭ ಸಂದರ್ಭದಲ್ಲಿ ತಮ್ಮೆಲ್ಲರಲ್ಲಿ ವಿನಂತಿಸಿಕೊಳ್ಳಲು ಬಯಸುವುದೇನೆಂದರೆ" ಎಂದು ಯಾರದೋ ಅಂಗಿ ತೊಟ್ಟವರಂತೆ ಬಿಗಿದುಕೊಳ್ಳುತ್ತಾರೆ. ಅರ್ಧ ಶಕ್ತಿ ಆ ಪುಸ್ತಕದ ಕನ್ನಡವನ್ನು ಹುಡುಕುವುದರಲ್ಲಿಯೇ ಹೋಗುತ್ತದೆ, ಹೇಳಬೇಕಾದದ್ದು ಹಿಂದೆ ಉಳಿಯುತ್ತದೆ. ಗರತಿಯರ ಭಾಷೆ ಗ್ರಂಥಕ್ಕೆ ಸಾಕಾಗಿದ್ದರೆ ಪಂಚಾಯಿತಿಯ ಸಭೆಗೆ ಸಾಲದೇ?

ಕಿವಿಯಾರೆ ಕೇಳಿ ಕಲಿಯಲು ಒಬ್ಬರನ್ನು ಹೆಸರಿಸು ಎಂದರೆ ನಾನು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ಹೆಸರಿಸುತ್ತೇನೆ. ನಮ್ಮದೇ ಜಿಲ್ಲೆಯ ಬಿಜ್ಜರಗಿಯವರು. 2023ರ ಜನವರಿ 2ರಂದು ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಲಕ್ಷಾಂತರ ಜನ ಸೇರಿದರು. ಅವರ ಪ್ರವಚನದಲ್ಲಿ ಏನಿತ್ತು? ದನಿ ಏರಿಸುತ್ತಿರಲಿಲ್ಲ, ಕೈ ಬೀಸುತ್ತಿರಲಿಲ್ಲ, ಯಾರನ್ನೂ ಹಳಿಯುತ್ತಿರಲಿಲ್ಲ. ಹೂವು, ಹೊಲ, ಹಕ್ಕಿ, ಮಳೆ, ರೈತನ ಮನೆ ಇವೇ ಅವರ ಉದಾಹರಣೆಗಳು. ಸಣ್ಣ ಸಣ್ಣ ವಾಕ್ಯ, ಒಂದು ವಾಕ್ಯವಾದ ಮೇಲೆ ಒಂದಿಷ್ಟು ಮೌನ. ಆ ಮೌನದಲ್ಲಿ ಕೇಳುವವನು ತಾನೂ ವಿಚಾರ ಮಾಡಲು ಬಿಡುವು ಸಿಗುತ್ತಿತ್ತು. ಅವರ ಧ್ವನಿಮುದ್ರಣಗಳು ಇಂದು ಸುಲಭವಾಗಿ ಸಿಗುತ್ತವೆ. ಹತ್ತು ನಿಮಿಷ ಹಾಕಿಕೊಂಡು, ಏನು ಹೇಳುತ್ತಾರೆಂಬುದನ್ನು ಬದಿಗಿಟ್ಟು, ಎಲ್ಲೆಲ್ಲಿ ನಿಲ್ಲುತ್ತಾರೆಂಬುದನ್ನು ಮಾತ್ರ ಗಮನಿಸಿ. ಭಾಷಣ ಕಲೆಯ ದಪ್ಪ ಪುಸ್ತಕಕ್ಕಿಂತ ಹೆಚ್ಚು ತಿಳಿಯುತ್ತದೆ. ಅವರ ಬಿಳಿ ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. ಜನ ಆ ಜೇಬಿಲ್ಲದ ಅಂಗಿಯನ್ನು ನೋಡಿಕೊಂಡೇ ಮಾತನ್ನು ಕೇಳುತ್ತಿದ್ದರು.

ಇದನ್ನೇ ಹಿಂದಿನವರು ಶಾಸ್ತ್ರವಾಗಿ ಬರೆದಿಟ್ಟಿದ್ದಾರೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಮಾತು ಮನಸ್ಸಿಗೆ ನಾಟುವುದಕ್ಕೆ ಮೂರು ದಾರಿಗಳನ್ನು ಹೇಳಿದ: ಹೇಳುವವನು ಎಂಥವನು, ಕೇಳುವವನ ಹೃದಯದಲ್ಲಿ ಏನಾಗುತ್ತಿದೆ, ಹೇಳಿದ ಮಾತಿನಲ್ಲಿ ನ್ಯಾಯವಿದೆಯೇ. ಸಂತ ಅಗಸ್ಟೀನರಂತೂ ಕ್ರೈಸ್ತರಾಗುವ ಮುನ್ನ ಮಿಲಾನಿನಲ್ಲಿ ಭಾಷಣಶಾಸ್ತ್ರದ ಅಧ್ಯಾಪಕರು. ಧರ್ಮಾಧ್ಯಕ್ಷ ಸಂತ ಆಂಬ್ರೋಸರ ಮಾತಿನ ಶೈಲಿಯನ್ನು ಸವಿಯಲೆಂದೇ ಅವರ ದೇವಾಲಯಕ್ಕೆ ಹೋದವರು ನಿಧಾನವಾಗಿ ಅದರ ತಿರುಳಿಗೆ ಸಿಕ್ಕಿಬಿದ್ದರು. ಅವರು ಕ್ರಿ.ಶ. 426ರ ಸುಮಾರಿಗೆ ಮುಗಿಸಿದ ಕ್ರೈಸ್ತ ಬೋಧನೆಯ ಬಗೆಗಿನ ಗ್ರಂಥದ ನಾಲ್ಕನೆಯ ಭಾಗ ಪೂರ್ತಿ ಇದೇ ವಿಷಯದ್ದು. ಹಳೆಯ ರೋಮನ್ ವಾಗ್ಮಿ ಸಿಸೆರೋನನ್ನು ಅನುಸರಿಸಿ, ಮಾತು ತಿಳಿಸಬೇಕು, ಹಿಡಿದಿಡಬೇಕು, ಎಬ್ಬಿಸಬೇಕು ಎನ್ನುತ್ತಾರೆ. ಮೊದಲನೆಯದಿಲ್ಲದೆ ಉಳಿದೆರಡು ಬರಿಯ ಗದ್ದಲ. ಮಾತಿನ ಸೊಗಸಿಗಿಂತ ಮಾತನಾಡುವವನ ಜೀವನದ ತೂಕವೇ ಹೆಚ್ಚೆಂಬುದೂ ಅಲ್ಲಿದೆ.

ಶಾಸ್ತ್ರ ಸಾಕು. ಒಂದು ಗ್ರಾಮಸಭೆಯನ್ನು ಊಹಿಸಿಕೊಳ್ಳೋಣ. ಭೀಮಾ ತೀರದ ಒಂದು ಹಳ್ಳಿ ಎನ್ನಿ. ಒಬ್ಬ ತಾಯಿ ಎದ್ದು ನಿಲ್ಲುತ್ತಾಳೆ. "ನಮ್ಮ ಓಣ್ಯಾಗ ಭಾಳ ತ್ರಾಸ ಐತ್ರಿ. ಯಾರೂ ಕೇಳವ್ರಿಲ್ಲ. ನೀವು ಬರೇ ಓಟಿಗೆ ಬರ್ತೀರಿ. ನೀರಿಲ್ಲ, ಗಟಾರಿಲ್ಲ, ಲೈಟಿಲ್ಲ, ರೇಷನ್ ಸರಿ ಕೊಡಾಂಗಿಲ್ಲ..." ಹೇಳಿದ್ದೆಲ್ಲ ನಿಜವೇ ಇರಬಹುದು. ಆದರೆ ವೇದಿಕೆಯ ಮೇಲಿದ್ದವರು "ಆಯ್ತವ್ವಾ, ನೋಡೂಣು, ಕೂಡು" ಎಂದು ಮುಂದಿನವರನ್ನು ಕರೆಯುತ್ತಾರೆ. ಆಕೆಯ ಮಾತಿನಲ್ಲಿ ಅವರು ಹಿಡಿದುಕೊಳ್ಳಬೇಕಾದ ಹಿಡಿಕೆಯೇ ಇಲ್ಲ. "ಓಟಿಗೆ ಬರ್ತೀರಿ" ಎಂಬ ಒಂದು ಮಾತು ಅವರ ಮನಸ್ಸಿನ ಬಾಗಿಲನ್ನೂ ಹಾಕಿಬಿಟ್ಟಿದೆ.

ಅದೇ ತಾಯಿ ಹೀಗೆ ಹೇಳಿದರೆ? "ಅಧ್ಯಕ್ಷರ, ಪಿಡಿಓ ಸಾಹೇಬರ, ನಮ್ಮ ಓಣ್ಯಾಗ ನಲವತ್ತ ಮನಿ ಅದಾವ್ರಿ, ನಳ ಒಂದ ಐತಿ. ವಾರದಾಗ ಎರಡ ಸಲ ನೀರ ಬಿಡ್ತಾರ, ಮುಂಜಾನಿ ಎಂಟಕ್ಕ. ನನ್ನ ಮಗಳು ಏಳನೇ ಇಯತ್ತೆ. ನೀರ ಬಿಟ್ಟ ದಿನ ಆಕಿ ಕೊಡ ಹಿಡಕೊಂಡ ಪಾಳಿ ನಿಲ್ತಾಳ, ಸಾಲಿ ಗಂಟಿ ಹೊಡದ ಮ್ಯಾಲ ಓಡಕೋತ ಹೋಗ್ತಾಳ. ಹುಣಸಿ ಗಿಡದ ಹತ್ರ ಇನ್ನೊಂದ ನಳ ಹಾಕಸ್ರಿ. ಯಾವಾಗ ಹಾಕಸ್ತೀರಿ, ಇವತ್ತ ಹೇಳ್ರಿ."

ಗಡಿಯಾರ ಇಟ್ಟು ಓದಿ ನೋಡಿ, ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಆದರೆ ಸಭೆ ಅದನ್ನು ಮರೆಯುವುದಿಲ್ಲ. ಒಂದೇ ವಿಷಯ. ನಲವತ್ತು ಮನೆ, ಒಂದು ನಳ ಎಂಬ ಲೆಕ್ಕ. ಇದು ಅರಿಸ್ಟಾಟಲ್ ಹೇಳಿದ ನ್ಯಾಯ. ಕೊಡ ಹಿಡಿದು ಓಡುವ ಹುಡುಗಿ, ಇದು ಹೃದಯ. ಯಾರನ್ನೂ ಬೈಯದೆ, ಸುಳ್ಳು ಬೆರೆಸದೆ ಹೇಳಿದ್ದರಿಂದ ತಾಯಿಯ ಮೇಲೆ ವಿಶ್ವಾಸ. ಕೊನೆಗೆ ಏನು ಬೇಕು, ಎಲ್ಲಿ ಬೇಕು ಎಂಬ ಸ್ಪಷ್ಟ ಕೋರಿಕೆ. ಗಟಾರು, ಲೈಟು, ರೇಷನ್ ಏನಾಯಿತು ಎನ್ನುವಿರಾ? ಅವನ್ನು ಪಕ್ಕದ ಮನೆಯ ಇನ್ನೊಬ್ಬ ತಾಯಿ ಎದ್ದು ಕೇಳಲಿ. ಹಿಂದಿನ ದಿನ ಸಂಜೆ ಓಣಿಯ ನಾಲ್ಕು ಜನ ಕೂತು, ಯಾರು ಏನು ಕೇಳಬೇಕೆಂದು ಹಂಚಿಕೊಂಡರೆ ಆಯಿತು. ಮೋಶೆಗೆ ಆರೋನ ಇದ್ದ ಹಾಗೆ.

ಭಯದ ಬಗ್ಗೆ ಕೇಳುವವರೇ ಹೆಚ್ಚು. ಎದ್ದು ನಿಂತ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕೈ ನಡುಗುತ್ತದೆ. ಹಾವು ಕಂಡಾಗಲೂ ಶರೀರ ಇದನ್ನೇ ಮಾಡುತ್ತದೆ. ಅಪಾಯ ಬಂತೆಂದು ಸಿದ್ಧವಾಗುತ್ತದೆ, ಅಷ್ಟೇ. ಇದು ರೋಗವಲ್ಲ, ಹೇಡಿತನವೂ ಅಲ್ಲ. ಎಷ್ಟೋ ವರ್ಷ ಮಾತನಾಡಿದವರಿಗೂ ಇರುತ್ತದೆ. ಏಳುವ ಮುನ್ನ ಮೂರು ನಾಲ್ಕು ಸಲ ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಒಳಗೆಳೆಯುವುದಕ್ಕಿಂತ ಹೊರಗೆ ಬಿಡುವುದು ದೀರ್ಘವಾಗಿರಲಿ. ಮೊದಲ ವಾಕ್ಯವನ್ನು ಮತ್ತು ಕೊನೆಯ ವಾಕ್ಯವನ್ನು ಮಾತ್ರ ಬಾಯಿಪಾಠ ಮಾಡಿ. ಮೊದಲನೆಯದು ಸರಾಗವಾಗಿ ಹೊರಟರೆ ಭಯ ತಾನೇ ಇಳಿಯತೊಡಗುತ್ತದೆ. ಇಡೀ ಭಾಷಣವನ್ನು ಬಾಯಿಪಾಠ ಮಾಡಿದವನಿಗೆ ನಡುವೆ ಒಂದು ಶಬ್ದ ಮರೆತರೆ ಸರಪಳಿಯೇ ಕಡಿಯುತ್ತದೆ. ಚೀಟಿಯಲ್ಲಿ ನಾಲ್ಕೈದು ಶಬ್ದ ಬರೆದುಕೊಂಡು ನಿಲ್ಲುವುದು ಲೇಸು. ಕಣ್ಣು ಎಲ್ಲಿಡಬೇಕೆಂದು ತಿಳಿಯದಿದ್ದರೆ, ನಿಮ್ಮನ್ನು ಪ್ರೀತಿಯಿಂದ ನೋಡುತ್ತಿರುವ ಒಂದು ಮುಖವನ್ನು ಹುಡುಕಿ ಅವರಿಗೇ ಹೇಳಿ. ಆಮೇಲೆ ಇನ್ನೊಂದು ಮುಖ.

ಮೈಕಿನ ಮಾತು. ಅದನ್ನು ತಟ್ಟುವುದು, ಊದುವುದು, "ಹಲೋ ಹಲೋ" ಎನ್ನುವುದು ಸಭೆ ಶುರುವಾಗುವ ಮುಂಚೆ ಮುಗಿಯಲಿ. ಬಾಯಿಂದ ಒಂದು ಗೇಣಿಗಿಂತ ದೂರ ಹಿಡಿಯಬೇಡಿ, ನುಂಗುವಂತೆಯೂ ಹಿಡಿಯಬೇಡಿ. ಕೀ ಎಂದು ಕಿರುಚಿದರೆ ಮೈಕಿನ ಮುಖ ಸ್ಪೀಕರ್ ಕಡೆಗೆ ತಿರುಗಿದೆ ಎಂದರ್ಥ. ಸ್ಪೀಕರಿನಿಂದ ಬಂದ ಸದ್ದನ್ನೇ ಮೈಕು ಮತ್ತೆ ಹಿಡಿದು ಸ್ಪೀಕರಿಗೆ ಕಳಿಸುತ್ತಿದೆ. ಬದಿಗೆ ಸರಿದು ನಿಂತರೆ ಸಾಕು.

ಇನ್ನು ವೇದಿಕೆಯ ಮೇಲಿರುವವರ ಹೆಸರುಗಳ ಪಟ್ಟಿ! "ವೇದಿಕೆಯ ಮೇಲೆ ಆಸೀನರಾಗಿರುವ ಸನ್ಮಾನ್ಯ..." ಎಂದು ಹೊರಟ ರೈಲು ಎಂಟು ಸ್ಟೇಷನ್ ದಾಟುವ ಹೊತ್ತಿಗೆ ಜನ ಪಲಾವಿನ ವಾಸನೆ ಬರುವ ಕಡೆ ತಿರುಗಿರುತ್ತಾರೆ. ಸ್ವಾಗತ ಭಾಷಣಕಾರರು ಒಮ್ಮೆ ಹೇಳಿದ ಮೇಲೆ ಉಳಿದವರೆಲ್ಲ "ಹಿರಿಯರೇ, ತಾಯಂದಿರೇ" ಎಂದು ನೇರ ವಿಷಯಕ್ಕೆ ಬಂದರೆ ಯಾವ ಗಣ್ಯರಿಗೂ ಅವಮಾನವಾಗದು.

ಉದ್ದದ ವಿಷಯದಲ್ಲಿ ನಮ್ಮಂಥ ಗುರುಗಳು ಮೊದಲು ಕೈಕಟ್ಟಿ ಕೂತು ಕೇಳಬೇಕು. ಪ್ರೇಷಿತರ ಕಾರ್ಯಕಲಾಪಗಳ 20ನೆಯ ಅಧ್ಯಾಯದಲ್ಲಿ ತ್ರೋವದ ಯುತಿಕ ಎಂಬ ಯುವಕನ ಕಥೆಯಿದೆ. ಸಂತ ಪೌಲರು ಮಧ್ಯರಾತ್ರಿಯವರೆಗೂ ಮಾತು ಮುಂದುವರಿಸುತ್ತಾರೆ. ಕಿಟಕಿಯಲ್ಲಿ ಕೂತಿದ್ದ ಈ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಗೆ ಬೀಳುತ್ತಾನೆ. ಪೌಲರು ಇಳಿದು ಬಂದು ಅವನನ್ನು ಅಪ್ಪಿಕೊಳ್ಳುತ್ತಾರೆ, ಅವನು ಬದುಕುತ್ತಾನೆ. ಆಮೇಲೆ? ಮೇಲೆ ಹೋಗಿ ಬೆಳಗಾಗುವವರೆಗೂ ಮತ್ತೆ ಮಾತು! ಪೌಲರಿಗೆ ಸತ್ತವರನ್ನು ಎಬ್ಬಿಸುವ ವರವಿತ್ತು; ಆ ವರವಿಲ್ಲದವರು ಗಡಿಯಾರ ನೋಡಿಕೊಳ್ಳುವುದು ಕ್ಷೇಮ. ಜಗದ್ಗುರು ಫ್ರಾನ್ಸಿಸರು 2013ರ ತಮ್ಮ ಪ್ರೇರಣಾ ಪತ್ರದಲ್ಲಿ ಪ್ರಬೋಧನೆಯ ಬಗ್ಗೆಯೇ ಹಲವಾರು ಪುಟ ಬರೆದರು. 2024ರ ಜೂನ್ 12ರಂದು ಇನ್ನೂ ನೇರವಾಗಿ, ಪ್ರಬೋಧನೆ ಎಂಟು ನಿಮಿಷ ಮೀರಬಾರದು, ಮೀರಿದರೆ ಜನ ನಿದ್ದೆ ಹೋಗುತ್ತಾರೆ ಎಂದರು. ಓದುಗರಲ್ಲಿ ಕೆಲವರು ಈ ಪುಟವನ್ನು ಕತ್ತರಿಸಿ ತಮ್ಮ ಗುರುಗಳ ಮೇಜಿನ ಮೇಲೆ ಇಡಬಹುದು, ನನ್ನ ಅಭ್ಯಂತರವಿಲ್ಲ.

ಇದೆಲ್ಲ ಕಲಿಯುವ ಶಾಲೆ ಮನೆಯೇ. ಊಟವಾದ ಮೇಲೆ ಟಿವಿ, ಮೊಬೈಲು ಬಂದ್ ಮಾಡಿ ಹತ್ತು ನಿಮಿಷ. ಮನೆಯ ಒಬ್ಬ ಸದಸ್ಯ ಎದ್ದು ನಿಂತು ಆ ದಿನ ಕಂಡ ಒಂದು ಸಂಗತಿ ಹೇಳಲಿ. ನಡುವೆ ಯಾರೂ ತಿದ್ದಬಾರದು, ನಗಬಾರದು. ಮುಗಿದ ಮೇಲೆ ಅಪ್ಪ ಅವ್ವ ಒಂದು ಪ್ರಶ್ನೆ ಕೇಳಲಿ. ವಿಶೇಷವಾಗಿ ಹೆಣ್ಣುಮಕ್ಕಳಿಗೆ ಈ ಸರದಿ ತಪ್ಪಬಾರದು. ಹತ್ತು ವರ್ಷ "ಸುಮ್ಮನಿರು, ದೊಡ್ಡವರ ನಡುವೆ ಬಾಯಿ ಹಾಕಬೇಡ" ಎಂದು ಬೆಳೆಸಿ, ಹನ್ನೊಂದನೆಯ ವರ್ಷ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತರಲಿ ಎಂದರೆ ಹೇಗೆ ತಂದಾಳು? ಭಾನುವಾರದ ಬಲಿಪೂಜೆಯಲ್ಲಿ ವಾಚನ ಓದುವ ಮಕ್ಕಳು ಶನಿವಾರ ಸಂಜೆ ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಲಿ. ಒಂದು ಸಲ ಅಂಗಳದ ಈ ತುದಿಯಿಂದ ಆ ತುದಿಯಲ್ಲಿ ಕೂತ ಅಜ್ಜಿಗೆ ಕೇಳುವಂತೆ. ಅಜ್ಜಿಗೆ ತಿಳಿದರೆ ಇಡೀ ದೇವಾಲಯಕ್ಕೆ ತಿಳಿದೀತು.

ಕೊನೆಯದಾಗಿ ಗ್ರಾಮಸಭೆಗೆ ಹೋಗುವವರಿಗೆ ಒಂದು ಮಾತು. ಬಾಯಲ್ಲಿ ಹೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆದು, ಓಣಿಯವರ ಸಹಿ, ಹೆಬ್ಬೆಟ್ಟು ಹಾಕಿಸಿ ಜೊತೆಗೆ ಒಯ್ಯಿರಿ. ಮಾತು ಮುಗಿದ ಕೂಡಲೇ ಅದನ್ನು ಪಿಡಿಓ ಅವರ ಕೈಗೆ ಕೊಟ್ಟು, ಸಭೆಯ ನಡವಳಿ ಪುಸ್ತಕದಲ್ಲಿ ಠರಾವು ಬರೆಸಿ, ನಿಮ್ಮ ಪ್ರತಿಯ ಮೇಲೆ ತಾರೀಖು ಸಮೇತ ಸಹಿ ಮತ್ತು ಸಿಕ್ಕಾ ಹಾಕಿಸಿಕೊಳ್ಳಿ. ಆಮೇಲೆ ಕೂತುಕೊಳ್ಳಿ.