ಸೈಕಲ್ ಅತಿಥಿಗಾಗಿ ಸಾಲದ ಕೋಣೆ ಬೇಡ

ಲಿಂಬೆಯ ದರ ಬೀಳುವುದು ಮಳೆಗಾಲದಲ್ಲಿ, ಗಿಡದ ತುಂಬ ಕಾಯಿ ಇರುವಾಗ. ದರ ಏರುವುದು ಬೇಸಿಗೆಯಲ್ಲಿ, ಬೋರು ಬತ್ತಿ ಗಿಡ ಉಳಿಸಿಕೊಂಡರೆ ಸಾಕೆನ್ನುವ ಹೊತ್ತಿನಲ್ಲಿ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತೋಟದ ಮನೆಗಳ ಹಣಕಾಸಿನ ತೊಡಕೆಲ್ಲ ಈ ಎರಡು ಮಾತಿನಲ್ಲಿದೆ. ಸಿಂದಗಿಯಲ್ಲಿ ಹತ್ತಿ, ತೊಗರಿ ನಂಬಿದವರದ್ದೂ ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆ ಹೊಲದಲ್ಲಿ ಬಿಳಿಜೋಳ ಬಿತ್ತಿದವರದ್ದೂ ಇದಕ್ಕಿಂತ ಬೇರೆ ಕಥೆಯಲ್ಲ. ಹಣ ಬಂದರೆ ಒಮ್ಮೆಗೇ ಬರುತ್ತದೆ, ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ಹಾಗಾಗಿ ಬೆಳೆಯ ಜೊತೆಗೆ ಇನ್ನೊಂದು ಸಣ್ಣ ಆದಾಯ ಇರಲಿ ಎಂಬ ಆಸೆ ಸಹಜ. ತೋಟದಲ್ಲಿ ಎರಡು ಕೋಣೆ ಕಟ್ಟಿಸಿ ಪ್ರವಾಸಿಗರಿಗೆ ಕೊಟ್ಟರೆ ಹೇಗೆ ಎಂಬ ಯೋಚನೆ ಹುಟ್ಟುವುದೂ ಈ ಆಸೆಯಿಂದಲೇ. ನನ್ನ ವಾದ ಇಷ್ಟು: ಈ ನಾಲ್ಕು ತಾಲ್ಲೂಕುಗಳ ಮನೆಗಳಿಗೆ ಹೊಂದುವ ಅತಿಥಿ ಎಂದರೆ ಸೈಕಲ್ ಮೇಲೆ ಬರುವವನು. ಆದರೆ ಅವನು ಕೊಡುವ ಹಣ ಉಪ ಆದಾಯವಾಗಿಯೇ ಇರಬೇಕು. ಅದನ್ನು ನಂಬಿ ಸಾಲ ಮಾಡಿ ಗೋಡೆ ಎಬ್ಬಿಸಬಾರದು.

ಇದಕ್ಕೆ ಮೊದಲ ಸಾಕ್ಷ್ಯ ದೂರದ ಇಟಲಿಯದು. ಟಸ್ಕನಿಯ ದ್ರಾಕ್ಷಿ ಮತ್ತು ಆಲಿವ್ ಗುಡ್ಡಗಳು ಇಂದು ಜಗತ್ತಿನ ಸೈಕಲ್ ಪ್ರವಾಸಿಗರ ಕನಸಿನ ನಾಡು. ಆದರೆ 1960ರ ದಶಕದಲ್ಲಿ ಅದು ಜನ ಬಿಟ್ಟು ಹೋಗುತ್ತಿದ್ದ ನಾಡಾಗಿತ್ತು. ಅಲ್ಲಿ ಶತಮಾನಗಳಿಂದ ನಡೆದು ಬಂದಿದ್ದು ಪಾಲಿನ ಬೇಸಾಯ: ಬೆಳೆದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಭೂಮಾಲೀಕನಿಗೆ, ಅರ್ಧ ರೈತನಿಗೆ. 1964ರ ಕಾನೂನು ಹೊಸದಾಗಿ ಅಂಥ ಪಾಲಿನ ಕರಾರು ಮಾಡುವುದನ್ನು ನಿಷೇಧಿಸಿತು. ಆ ಹೊತ್ತಿಗಾಗಲೇ ರೈತ ಕುಟುಂಬಗಳು ನಗರದ ಕಾರ್ಖಾನೆಗಳ ಕಡೆ ಗುಳೆ ಹೊರಟಿದ್ದವು, ಗುಡ್ಡದ ಮೇಲಿನ ಕಲ್ಲಿನ ಮನೆಗಳು ಖಾಲಿ ಬಿದ್ದಿದ್ದವು. 1985ರಲ್ಲಿ ಇಟಲಿ ಸರ್ಕಾರ ‘ಆಗ್ರಿತುರಿಸ್ಮೊ’, ಅಂದರೆ ಕೃಷಿ ಮನೆಯ ಆತಿಥ್ಯಕ್ಕೆಂದೇ ಒಂದು ಕಾನೂನು ಮಾಡಿತು. ಅದರ ಎರಡು ಷರತ್ತುಗಳು ನಮಗೆ ಬಹಳ ಮುಖ್ಯ. ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಆತಿಥ್ಯ ಅದಕ್ಕೆ ಪೂರಕವಾಗಿರಬೇಕು ಎಂಬುದು ಒಂದು. ಅತಿಥಿಗಳನ್ನು ಇಳಿಸಬೇಕಾದದ್ದು ರೈತನ ಸ್ವಂತ ಮನೆಯಲ್ಲಿ, ಇಲ್ಲವೇ ಬೇಸಾಯಕ್ಕೆ ಬೇಡವಾದ ಹಳೆಯ ಕಟ್ಟಡದಲ್ಲಿ ಎಂಬುದು ಇನ್ನೊಂದು. ಟಸ್ಕನಿಯ ತೋಟದ ಆತಿಥ್ಯ ಬೆಳೆದದ್ದು ಹೊಸ ರೆಸಾರ್ಟುಗಳಿಂದಲ್ಲ, ಇದ್ದ ಸೂರಿನ ಕೆಳಗೆ. ಸೈಕಲ್ಲಿನ ಕಥೆಯೂ ಹಾಗೆಯೇ. ಕಿಯಾಂತಿ ಸೀಮೆಯ ಗಯೋಲೆ ಎಂಬ ಸಣ್ಣ ಊರಿನಲ್ಲಿ 1997ರಲ್ಲಿ ‘ಎರೋಯಿಕಾ’ ಎಂಬ ಹಳೆಯ ಸೈಕಲ್ಲುಗಳ ಯಾತ್ರೆ ಶುರುವಾದಾಗ ಬಂದವರು 92 ಜನ. ತೋಟಗಳ ನಡುವಿನ ಬಿಳಿ ಮಣ್ಣಿನ ದಾರಿಗಳು ಡಾಂಬರಿನಡಿ ಮುಚ್ಚಿಹೋಗಬಾರದು ಎಂಬುದು ಅದರ ಉದ್ದೇಶ. ಹತ್ತು ವರ್ಷದ ಬಳಿಕ, 2007ರಲ್ಲಿ, ಅದೇ ದಾರಿಗಳಲ್ಲಿ ವೃತ್ತಿಪರರ ದೊಡ್ಡ ರೇಸ್ ಶುರುವಾಯಿತು. ಇದ್ದ ದಾರಿಯೇ ಅವರ ಬಂಡವಾಳವಾಯಿತು.

ಎರಡನೆಯ ಸಾಕ್ಷ್ಯ ಸೈಕಲ್ ಪ್ರವಾಸಿಯ ಜೇಬಿನದು. ಸೈಕಲ್ ತುಳಿದು ಊರೂರು ಸುತ್ತುವವರಲ್ಲಿ ನಾನೂ ಒಬ್ಬನಾದ್ದರಿಂದ ನಮ್ಮ ಖರ್ಚಿನ ರೀತಿ ನನಗೆ ಗೊತ್ತು. ಕಾರಿನವರು ವಿಜಯಪುರದಿಂದ ಕೂಡಲಸಂಗಮಕ್ಕೆ ಹೋಗಿ ಅದೇ ದಿನ ಮರಳಬಹುದು. ದಾರಿಯ ಹಳ್ಳಿಗಳಿಗೆ ಅವರಿಂದ ಸಿಗುವುದು ಧೂಳಷ್ಟೇ. ಸೈಕಲ್ಲಿನವರು ಸಂಜೆಯಾದಲ್ಲಿ ಇಳಿಯಲೇಬೇಕು. ಎರಡು ತಾಸಿಗೊಮ್ಮೆ ಚಹಾ ಬೇಕು, ಬಾಳೆಹಣ್ಣು ಬೇಕು, ನೀರು ಬೇಕು, ಚಕ್ರಕ್ಕೆ ಪಂಕ್ಚರ್ ಹಾಕುವವನು ಬೇಕು. ರಾತ್ರಿ ಹೊಟ್ಟೆ ತುಂಬ ಊಟ ಬೇಕು. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿಯ ಲೆಕ್ಕದಲ್ಲಿ ಅವರ ಹಣ ಹತ್ತು ಕೈಗೆ ಹಂಚಿಹೋಗುತ್ತದೆ, ಬಹುಪಾಲು ಹಳ್ಳಿಯಲ್ಲೇ ಉಳಿಯುತ್ತದೆ. ಆದರೆ ಅವರು ಭಾರ ಹೊರಲಾರರು. ಐದು ಕಿಲೋ ಒಣದ್ರಾಕ್ಷಿಯ ಪೆಟ್ಟಿಗೆಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳುವುದಿಲ್ಲ. ಕಾಲು ಕಿಲೋ ಪೊಟ್ಟಣವನ್ನು ಸರಿಯಾದ ದರಕ್ಕೆ ಖುಷಿಯಿಂದ ಕೊಳ್ಳುತ್ತಾರೆ. ನಮ್ಮ ಜಿಲ್ಲೆಯ ಒಣದ್ರಾಕ್ಷಿ ಸಾಂಗ್ಲಿಯ ತಾಸಗಾಂವ್ ಮಾರುಕಟ್ಟೆಯ ಹರಾಜಿನ ದರಕ್ಕೆ ಕಾಯುತ್ತದೆ. ಮನೆಬಾಗಿಲಲ್ಲಿ ಮಾರಿದ ಪೊಟ್ಟಣದ ದರವನ್ನು ಮಾತ್ರ ಬೆಳೆದವರೇ ಹೇಳಬಹುದು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಆದರೆ ಪ್ರಮಾಣಪತ್ರ ತಾನಾಗಿಯೇ ದರ ಏರಿಸುವುದಿಲ್ಲ. ಆ ಹೆಸರಿನ ರುಚಿ ನೆನಪಿಟ್ಟು ಮತ್ತೆ ಕೇಳುವ ಗಿರಾಕಿ ಬೇಕು. ತೋಟದಲ್ಲಿ ಒಂದು ರಾತ್ರಿ ಉಳಿದು, ರೊಟ್ಟಿಯ ಜೊತೆ ಲಿಂಬೆ ಉಪ್ಪಿನಕಾಯಿ ಉಂಡವನು ಅಂಥ ಗಿರಾಕಿ.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ಕೊಡುವ ಅಂಕಿಗಳು ನಾನು ಹಿಡಿದ ಅಂದಾಜು. ನಿಮ್ಮ ಊರಿನ ಕೂಲಿ, ಸಾಮಾನಿನ ದರಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಇಲ್ಲಿ ಸೈಕಲ್ ಪ್ರವಾಸಕ್ಕೆ ಹಿತವಾದ ಕಾಲ ನವೆಂಬರಿನಿಂದ ಫೆಬ್ರವರಿ, ಸುಮಾರು 120 ರಾತ್ರಿ. ನಾಲ್ಕು ರಾತ್ರಿಗೊಬ್ಬ ಅತಿಥಿ ಎಂದರೆ ವರ್ಷಕ್ಕೆ 30 ರಾತ್ರಿ. ಊಟ, ವಸತಿ ಸೇರಿ ₹1,000 ಎಂದರೆ ಬರುವುದು ₹30,000. ದಿನಸಿ, ಹಾಲು, ಬಟ್ಟೆ ಒಗೆತ, ದುಡಿಮೆಯ ಕೂಲಿ ಎಂದು ರಾತ್ರಿಗೆ ₹400 ಕಳೆದರೆ ಉಳಿಯುವುದು ₹18,000. ₹3 ಲಕ್ಷ ಸಾಲ ತೆಗೆದು ಶೌಚಾಲಯದ ಸಮೇತ ಹೊಸ ಕೋಣೆ ಕಟ್ಟಿಸಿದರೆ, ಶೇ 11ರ ಬಡ್ಡಿಯಲ್ಲಿ ಮೊದಲ ವರ್ಷದ ಬಡ್ಡಿಯೇ ₹33,000. ಅಸಲು ಹಾಗಿರಲಿ, ಬಡ್ಡಿಗೇ ₹15,000 ಕೈಯಿಂದ ಹಾಕಬೇಕು. ಅದು ಬರುವುದು ಮತ್ತೆ ಲಿಂಬೆಯ ದುಡ್ಡಿನಿಂದಲೇ. ಅದರ ಬದಲು ಇದ್ದ ಕೋಣೆಗೆ ಸುಣ್ಣ ಬಳಿಸಿ, ಶೌಚಾಲಯ ಸರಿಪಡಿಸಿ, ಒಳ್ಳೆಯ ಹಾಸಿಗೆ, ಸೊಳ್ಳೆಪರದೆ ತಂದು ₹40,000 ಉಳಿತಾಯದಿಂದ ಹಾಕಿದರೆ ಎರಡೂಕಾಲು ವರ್ಷದಲ್ಲಿ ಅದು ಮರಳುತ್ತದೆ. ಅತಿಥಿಗಳು ಅರ್ಧಕ್ಕಿಳಿದರೂ ನಾಲ್ಕೂವರೆ ವರ್ಷ, ನಿದ್ದೆಗೆಡಬೇಕಾಗಿಲ್ಲ. ಒಬ್ಬರೂ ಬರದಿದ್ದರೂ ಮನೆಗೊಂದು ಒಳ್ಳೆಯ ಕೋಣೆ ಉಳಿಯುತ್ತದೆ. ಸಹಕಾರ ಸಂಘದ ಬೆಳೆ ಸಾಲವನ್ನು ಈ ಕಟ್ಟಡಕ್ಕೆ ತಿರುಗಿಸುವುದಂತೂ ದೊಡ್ಡ ತಪ್ಪು. ಬೀಜ, ಗೊಬ್ಬರಕ್ಕೆ ಕೊಟ್ಟ ಹಣ ಸಿಮೆಂಟಿಗೆ ಹೋದರೆ ಮರುಪಾವತಿಯ ದಿನ ಬೆಳೆಯೂ ಇರುವುದಿಲ್ಲ, ಬಾಡಿಗೆಯೂ ಇರುವುದಿಲ್ಲ.

ಇಲ್ಲಿ ಗುಡ್ಡವಿಲ್ಲ, ಆಲಿವ್ ಇಲ್ಲ, ವೈನ್ ಇಲ್ಲ. ಯಾರು ಬರುತ್ತಾರೆ, ಏನು ನೋಡುತ್ತಾರೆ ಎಂಬುದು ಮೊದಲ ಆಕ್ಷೇಪ. ಟಸ್ಕನಿಯ ಚೆಲುವು ಇಲ್ಲಿದೆ ಎಂದು ನಾನು ಹೇಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ, ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುವ ಮಳೆಯಲ್ಲಿ ಯಾರೂ ಬರಬೇಕಾಗಿಲ್ಲ. ಆದರೆ ಚಳಿಗಾಲದಲ್ಲಿ ಕಣ್ಣು ಹಾಯುವಷ್ಟೂ ಬಿಳಿಜೋಳ ನಿಂತಿರುತ್ತದೆ, ಎಳ್ಳ ಅಮಾವಾಸ್ಯೆಗೆ ಹೊಲ ಹೊಲದಲ್ಲೂ ಚರಗದ ಊಟ ನಡೆಯುತ್ತದೆ, ಮುಂದೆ ಸೀತನಿ ಸುಡುತ್ತಾರೆ, ದ್ರಾಕ್ಷಿ ಕೊಯ್ಲು ಶುರುವಾಗುತ್ತದೆ. ಇಂಡಿಯ ಹತ್ತಿರದ ಸಾಲೋಟಗಿಯಲ್ಲಿ ಹತ್ತನೆಯ ಶತಮಾನದಲ್ಲೇ ವಿದ್ಯಾಕೇಂದ್ರವಿತ್ತೆಂದು ರಾಷ್ಟ್ರಕೂಟರ ಶಾಸನ ಹೇಳುತ್ತದೆ. ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೂಡಿಸಿ ‘ಗರತಿಯ ಹಾಡು’ ತಂದರು. ಮುದ್ದೇಬಿಹಾಳದ ಕಡೆ ವಿಜಯನಗರದ ಗತಿ ಬದಲಿಸಿದ 1565ರ ಕದನದ ಹೆಸರು ಹೊತ್ತ ರಕ್ಕಸಗಿ, ತಂಗಡಗಿ ಇವೆ. ಆಚೆಗೆ ಆಲಮಟ್ಟಿಯ ಹಿನ್ನೀರು. ಬಾಗೇವಾಡಿ ಬಸವಣ್ಣನವರ ಊರು. ಸೊಲ್ಲಾಪುರ–ಗದಗ ರೈಲು ಮಾರ್ಗ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳ ಮೇಲೆ ಹಾದುಹೋಗುತ್ತದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟ ನೆಲ. ಸೈಕಲ್ ಕಂಡರೆ ದಾರಿ ಬಿಡುವ, ಗಾಳಿ ಹೊಡೆದು ಕೊಡುವ ಜನ ಇಲ್ಲಿದ್ದಾರೆ. ಮೊದಲ ಅತಿಥಿಗಳು ವಿದೇಶದಿಂದ ಬರಬೇಕಾಗಿಲ್ಲ. ಹುಬ್ಬಳ್ಳಿ, ಕಲಬುರಗಿ, ಸೊಲ್ಲಾಪುರ, ಬೆಂಗಳೂರಿನವರು ಸಾಕು. ವೈನ್ ಇಲ್ಲದ್ದು ಕೊರತೆಯೂ ಅಲ್ಲ. ಸರ್ಕಾರ 2007ರಲ್ಲೇ ವೈನ್ ನೀತಿ ತಂದರೂ ನಮ್ಮ ದ್ರಾಕ್ಷಿಯ ಬಲವಿರುವುದು ಒಣದ್ರಾಕ್ಷಿಯಲ್ಲಿ, ಅದನ್ನು ಯಾವ ಮನೆಯಲ್ಲೂ ಅಳುಕಿಲ್ಲದೆ ಅತಿಥಿಯ ಮುಂದಿಡಬಹುದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ದಾಸೋಹದ ನಾಡಿನಲ್ಲಿ ಮನೆಗೆ ಬಂದವರಿಂದ ದುಡ್ಡು ತೆಗೆದುಕೊಳ್ಳುವುದೇ? ಈ ಸಂಕೋಚವನ್ನು ನಾನು ಗೌರವಿಸುತ್ತೇನೆ. ಆದರೆ ದಾಸೋಹಕ್ಕೆ ಮೊದಲು ಕಾಯಕವಿದೆ ಎಂಬುದನ್ನು ಬಾಗೇವಾಡಿಯ ನೆಲಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಡಿಗೆ, ಹಾಸಿಗೆ, ದಾರಿ ತೋರಿಸುವುದು ದುಡಿಮೆ. ದುಡಿಮೆಗೆ ನ್ಯಾಯವಾದ ಬೆಲೆ ಕೇಳುವುದು ಕಾಯಕವೇ. ಬಾಯಾರಿ ಬಂದವನಿಗೆ ನೀರು, ಮಜ್ಜಿಗೆ ಕೊಡುವುದು ಎಂದಿನಂತೆ ಇರಲಿ, ಅದಕ್ಕೆ ದರಪಟ್ಟಿ ಬೇಡ. ರಾತ್ರಿಯ ವಸತಿಗೆ, ಊಟಕ್ಕೆ ಮಾತ್ರ ಮೊದಲೇ ದರ ಹೇಳಿಬಿಡಿ. ಹೇಳದೆ ಬಿಟ್ಟರೆ ಕೊಡುವವನಿಗೂ ಮುಜುಗರ, ಪಡೆಯುವವರಿಗೂ ಮುಜುಗರ. ಅಂಥ ವ್ಯವಹಾರ ಎರಡನೆಯ ಸಲ ನಡೆಯುವುದಿಲ್ಲ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಮೂರನೆಯದು. ಅತಿಥಿ ಬಂದರೆ ದುಡಿಯುವವರು ಯಾರು? ರೊಟ್ಟಿ ಬಡಿಯುವವರು, ಶೇಂಗಾ ಹಿಂಡಿ ಕುಟ್ಟುವವರು, ಹೊದಿಕೆ ಒಗೆಯುವವರು ಮನೆಯ ಹೆಣ್ಣುಮಕ್ಕಳೇ. ಹೊಲದ ಕೆಲಸ, ಹೈನು, ಮಕ್ಕಳ ಶಾಲೆಯ ಮೇಲೆ ಇದೂ ಒಂದು ಹೊರೆಯಾಗಿ, ಹಣ ಮಾತ್ರ ಯಜಮಾನರ ಜೇಬು ಸೇರಿದರೆ ಅದನ್ನು ಲಾಭ ಎನ್ನಲಾಗದು. ಅದು ಮನೆಯೊಳಗಿನ ಪುಕ್ಕಟೆ ದುಡಿಮೆ. ಅದಕ್ಕೇ ಮೇಲಿನ ಲೆಕ್ಕದಲ್ಲಿ ದುಡಿಮೆಯ ಕೂಲಿಯನ್ನು ಖರ್ಚಿನ ಬಾಬ್ತಿಗೆ ಸೇರಿಸಿದ್ದು. ಅತಿಥಿಯ ಹಣ ಅಡಿಗೆ ಮಾಡಿದವರ ಬ್ಯಾಂಕ್ ಖಾತೆಗೇ ಬೀಳಲಿ. ‘ಇವತ್ತು ಆಗುವುದಿಲ್ಲ’ ಎಂದು ಹೇಳುವ ಹಕ್ಕೂ ಅವರದೇ ಆಗಿರಲಿ. ಊರಿನ ಸ್ತ್ರೀಶಕ್ತಿ ಸಂಘದ ಐದಾರು ಮನೆಗಳು ಸರದಿಯ ಮೇಲೆ ಅತಿಥಿಗಳನ್ನು ಹಂಚಿಕೊಂಡರೆ ಹೊರೆಯೂ ಹಂಚಿಹೋಗುತ್ತದೆ, ಒಂದೇ ಮನೆ ಹತ್ತು ಕೋಣೆ ಕಟ್ಟುವ ಆಸೆಯೂ ಹುಟ್ಟುವುದಿಲ್ಲ.

ಲೆಕ್ಕಪತ್ರದ ಬಗ್ಗೆಯೂ ಒಂದು ಮಾತು. ಕೃಷಿ ಆದಾಯಕ್ಕೆ ಆದಾಯ ತೆರಿಗೆಯ ವಿನಾಯಿತಿ ಇದೆ. ಆದರೆ ತೋಟದೊಳಗೇ ಕೊಟ್ಟರೂ ಅತಿಥಿಯ ಊಟ, ವಸತಿಯ ಹಣ ಕೃಷಿ ಆದಾಯ ಆಗುವುದಿಲ್ಲ. ಎರಡನ್ನೂ ಒಂದೇ ವಹಿಯಲ್ಲಿ ಬೆರೆಸಬೇಡಿ. ವರ್ಷಕ್ಕೆ ₹18,000 ಉಳಿಯುವ ಮನೆಗೆ ಆ ಹಣದಿಂದಲೇ ತೆರಿಗೆಯ ಭಾರ ಬೀಳಲಿಕ್ಕಿಲ್ಲ, ಆದರೂ ಪ್ರತ್ಯೇಕ ಪುಸ್ತಕವಿದ್ದರೆ ಯಾವುದು ಲಾಭ, ಯಾವುದು ಭ್ರಮೆ ಎಂದು ನಿಮಗೇ ತಿಳಿಯುತ್ತದೆ. ಹೋಂಸ್ಟೇ ಎಂದು ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಲಿ. ವಿದೇಶಿ ಅತಿಥಿ ಇಳಿದುಕೊಂಡರೆ 24 ಗಂಟೆಯೊಳಗೆ ನಿಗದಿತ ನಮೂನೆಯಲ್ಲಿ ಸರ್ಕಾರಕ್ಕೆ ಮಾಹಿತಿ ಸಲ್ಲಿಸಲಿ.

ಇಷ್ಟು ಸಣ್ಣ ಆದಾಯದಿಂದ ಏನಾದೀತು ಎಂದು ಕೊನೆಗೆ ಕೇಳಬಹುದು. ₹18,000 ಯಾರನ್ನೂ ಶ್ರೀಮಂತರನ್ನಾಗಿ ಮಾಡುವುದಿಲ್ಲ, ನಿಜ. ಬರಗಾಲದಲ್ಲಿ ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುವ ಕುಟುಂಬಗಳ ಸಂಕಟಕ್ಕೂ ಇದು ಪರಿಹಾರವಲ್ಲ. ಅದಕ್ಕೆ ನೀರಾವರಿ ಬೇಕು, ದರದ ಭದ್ರತೆ ಬೇಕು. ಆದರೆ ಈ ಹಣ ಬರುವುದು ಲಿಂಬೆಯ ದರದ ಹಂಗಿಲ್ಲದೆ. ಮಗಳ ಕಾಲೇಜಿನ ಶುಲ್ಕಕ್ಕೋ ಬೋರಿನ ಮೋಟರು ಸುಟ್ಟ ದಿನಕ್ಕೋ ಕೈಸಾಲ ತಪ್ಪಿಸುವಷ್ಟು ಅದಕ್ಕೆ ಶಕ್ತಿಯಿದೆ. ಉಪ ಆದಾಯದಿಂದ ಕೇಳಬೇಕಾದದ್ದು ಅಷ್ಟೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತೋಟದ ಮನೆಯವರಲ್ಲಿ ನನ್ನ ಕೋರಿಕೆ ಇದು: ಮೊದಲು ಇದ್ದ ಕೋಣೆಯ ಬಾಗಿಲು ತೆರೆಯಿರಿ. ಎರಡು ಚಳಿಗಾಲ ಬಂದವರ ಲೆಕ್ಕ, ಬಂದ ಹಣದ ಲೆಕ್ಕ ಬರೆದಿಡಿ. ಹೊಸ ಗೋಡೆಯ ಮಾತು ಆ ಪುಸ್ತಕ ನೋಡಿದ ಮೇಲೆ.